ಹುಬ್ಬಳ್ಳಿಯಲ್ಲಿ ಸಣ್ಣ ವಿಮಾನಗಳಿಗೂ ಜಾಗ ಉಳಿಸಿ: ಒಂದು ಬಹಿರಂಗ ಪತ್ರ

ಕೇಂದ್ರ ನಾಗರಿಕ ವಿಮಾನಯಾನ ಸಚಿವರು, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಅಧಿಕಾರಿಗಳು, ಧಾರವಾಡ ಜಿಲ್ಲಾಡಳಿತ, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ ಮತ್ತು ನಮ್ಮ ಎಲ್ಲ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ನಮ್ಮೂರಲ್ಲಿ ಚರ್ಚೆ ಒಂದೇ ಕಡೆ ಹೋಗುತ್ತದೆ. ಮುಂಬೈಗೆ ವಿಮಾನ ಇದೆಯಾ, ದಿಲ್ಲಿಗೆ ಯಾವ ಹೊತ್ತಿಗೆ, ಯಾವುದು ನಿಂತುಹೋಯಿತು, ಟರ್ಮಿನಲ್ ಯಾವಾಗ ದೊಡ್ಡದಾಗುತ್ತದೆ. ಇವೆಲ್ಲ ಬೇಕಾದ ಮಾತುಗಳೇ. ಆದರೆ ವಿಮಾನ ನಿಲ್ದಾಣ ಅಂದರೆ ಟಿಕೆಟ್ ತೆಗೆದು ಹತ್ತುವ ದೊಡ್ಡ ವಿಮಾನಗಳಷ್ಟೇ ಅಲ್ಲವಲ್ಲ. ಎರಡು ಸೀಟಿನ, ನಾಲ್ಕು ಸೀಟಿನ ತರಬೇತಿ ವಿಮಾನಗಳಿವೆ. ರೋಗಿಯನ್ನು ಹೊತ್ತೊಯ್ಯುವ ಏರ್ ಆಂಬುಲೆನ್ಸ್ ಇದೆ. ಬಾಡಿಗೆಗೆ ಹೋಗುವ ಪುಟ್ಟ ವಿಮಾನ, ಹೆಲಿಕಾಪ್ಟರ್‌ಗಳಿವೆ. ವಿಮಾನಯಾನದವರು ಇವನ್ನೆಲ್ಲ ಸೇರಿಸಿ ಜನರಲ್ ಏವಿಯೇಷನ್ ಅನ್ನುತ್ತಾರೆ. ಇವುಗಳ ಬಗ್ಗೆ ಊರಲ್ಲಿ ಯಾರೂ ಮಾತಾಡುವುದಿಲ್ಲ. ಯಾರೂ ಮಾತಾಡದ ಜಾಗವೇ ಮೊದಲು ಕೈಬಿಟ್ಟು ಹೋಗುತ್ತದೆ. ಅದಕ್ಕಾಗಿ ಈ ಪತ್ರ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು. ಈಗ ನಿವೃತ್ತಿಯಾಗಿದೆ. ಮನೆ ಇರುವುದು ಗೋಕುಲ ರಸ್ತೆಯ ಕಡೆಯೇ. ಪೈಲಟ್ ಆಗಬೇಕು ಅಂದ ಮಕ್ಕಳನ್ನೂ ನೋಡಿದ್ದೇನೆ, ನಿಲ್ದಾಣದ ಸುತ್ತ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವ ಎನ್‌ಎ ಪ್ಲಾಟುಗಳನ್ನೂ ನೋಡುತ್ತಿದ್ದೇನೆ. ನನ್ನ ಬೇಡಿಕೆ ಇಷ್ಟು: ಸಣ್ಣ ವಿಮಾನಗಳು ಇಲ್ಲಿ ಹಾರಲಿ, ಇಲ್ಲಿಯ ಮಕ್ಕಳು ಅದರಲ್ಲಿ ಕಲಿಯಲಿ, ಅದರ ಕೆಳಗೆ ಬದುಕುವ ಜನರಿಗೆ ತೊಂದರೆ ಆಗದ ಹಾಗೆ ಮೊದಲೇ ಕಟ್ಟುಪಾಡು ಹಾಕಿ. ಸುತ್ತಲೂ ಊರು ತುಂಬಿಕೊಂಡ ಮೇಲೆ ಇದ್ಯಾವುದೂ ಆಗುವುದಿಲ್ಲ.

ಇದು ನನ್ನ ಹಗಲುಗನಸಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರವೇ ತರಬೇತಿ ಶಾಲೆಗಳಿಗಾಗಿ ಹೊಸ ನೀತಿ ತಂದಿತು. 2021ರ ಮೊದಲ ಸುತ್ತಿನಲ್ಲಿ ಐದು ನಿಲ್ದಾಣಗಳನ್ನು ಆರಿಸಿದರು. ಅದರಲ್ಲಿ ನಮ್ಮ ಬೆಳಗಾವಿ, ಕಲಬುರಗಿ ಎರಡೂ ಇದ್ದವು. 2022ರ ಎರಡನೇ ಸುತ್ತಿನಲ್ಲಿ ಭಾವನಗರ, ಕಡಪ, ಕಿಶನ್‌ಗಢ, ಸೇಲಂ ಜೊತೆಗೆ ಹುಬ್ಬಳ್ಳಿಯ ಹೆಸರೂ ಬಂತು. ದೊಡ್ಡ ವಿಮಾನಗಳ ಓಡಾಟ ಕಡಿಮೆ ಇದ್ದು, ಹವೆ ಚೆನ್ನಾಗಿರುವ ಊರುಗಳನ್ನೇ ನೋಡಿ ಆರಿಸಿದ್ದು. ನಮ್ಮಲ್ಲಿ ಮಳೆಗಾಲ ಕಳೆದರೆ ಆಕಾಶ ತಿಂಗಳುಗಟ್ಟಲೆ ತಿಳಿಯಾಗಿರುತ್ತದೆ. ಕಣ್ಣಿಂದ ನೆಲ ನೋಡಿಕೊಂಡು ಹಾರಲು ಬೇಕಾದ 5 ಕಿ.ಮೀ. ನೋಟ ಬೇಕಾದಷ್ಟು ದಿನ ಸಿಗುತ್ತದೆ.

ಇನ್ನೊಂದು ಅನುಕೂಲವನ್ನು ಯಾರೂ ಎತ್ತಿ ಹೇಳಿದ್ದು ನಾನು ಕೇಳಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾನೇ ಪೈಲಟ್ ಆಗಿ ಹಾರಿರಬೇಕು. ಒಮ್ಮೆ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿ.ಮೀ. ದೂರದ ಪಯಣ ಮಾಡಿ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಬರಬೇಕು. ಭೂಪಟ ತೆಗೆದು ನೋಡಿ. ಹುಬ್ಬಳ್ಳಿಯಿಂದ ಕಲಬುರಗಿ, ಅಲ್ಲಿಂದ ಬೆಳಗಾವಿ, ಮತ್ತೆ ಹುಬ್ಬಳ್ಳಿ. ಈ ತ್ರಿಕೋನ 600 ಕಿ.ಮೀ. ದಾಟುತ್ತದೆ. ಮೂರೂ ನಿಲ್ದಾಣಗಳು ಇದೇ ತರಬೇತಿ ನೀತಿಯಲ್ಲಿ ಹೆಸರಿದ್ದವು. ಪೂರ್ತಿ ದಾರಿ ನಮ್ಮ ಬಯಲುಸೀಮೆಯ ಮೇಲೇ ಹೆಚ್ಚು. ಎಡಕ್ಕೆ ಮಲಪ್ರಭೆ, ಘಟಪ್ರಭೆ, ಬಲಕ್ಕೆ ಜೋಳದ ಹೊಲ. ಕಲಿಯುವ ಹುಡುಗಿಯೊಬ್ಬಳು ನಕ್ಷೆ ತೊಡೆಯ ಮೇಲಿಟ್ಟುಕೊಂಡು ದಾರಿ ಹುಡುಕಲು ಇದಕ್ಕಿಂತ ಒಳ್ಳೆಯ ನೆಲ ಬೇಕೇ?

ಸಣ್ಣ ವಿಮಾನಕ್ಕೂ ಈ ಭಾಗಕ್ಕೂ ಹಳೆಯ ನಂಟು ಕೂಡ ಇದೆ. 1932ರಲ್ಲಿ ಟಾಟಾ ಅವರ ಟಪಾಲು ವಿಮಾನ ಮುಂಬೈಯಿಂದ ಮದ್ರಾಸಿಗೆ ಹೋಗುವಾಗ ಬಳ್ಳಾರಿಯಲ್ಲಿ ಇಳಿದು ಹೋಗುತ್ತಿತ್ತು. ಅದು ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಮುಂದೆ 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಸೇವೆ ಶುರುವಾಗಿದ್ದು ಹುಬ್ಬಳ್ಳಿ-ಬೆಂಗಳೂರು ನಡುವೆ. ಸಾಮಾನ್ಯರೂ ವಿಮಾನ ಹತ್ತಬಹುದು ಅನ್ನುವ ಧೈರ್ಯವನ್ನು ದೇಶಕ್ಕೆ ಕೊಟ್ಟ ಕಂಪನಿ ಅದು. ಅದಕ್ಕೂ ಮೊದಲು ಅದೇ ಗೋಪಿನಾಥ್ ಅವರ ಹೆಲಿಕಾಪ್ಟರ್ ಸೇವೆ ಬೆಳೆದದ್ದು ಬೆಂಗಳೂರಿನ ಜಕ್ಕೂರಿನಲ್ಲಿ.

ಆ ಜಕ್ಕೂರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ನಮಗೆ ಬೇಕಾದ ಪಾಠವೆಲ್ಲ ಅಲ್ಲಿದೆ.

ಜಕ್ಕೂರು ವಾಯುನೆಲೆ 1948ರದು. ಆಗ ಅದು ಬೆಂಗಳೂರಿನಿಂದ ಆಚೆಗಿದ್ದ ಹಳ್ಳಿ. ಸರ್ಕಾರಿ ವಿಮಾನ ತರಬೇತಿ ಶಾಲೆ ಅಲ್ಲಿ ಬಂತು. ಸುಮಾರು ಒಂದು ಕಿ.ಮೀ. ಉದ್ದದ ಪುಟ್ಟ ರನ್‌ವೇ, ಸುತ್ತ 200 ಎಕರೆಯ ಆಸುಪಾಸು ಜಾಗ. ಸರ್ಕಾರದ ಶಾಲೆ, ಸರ್ಕಾರದ ಜಾಗ. ದೊಡ್ಡ ನಗರದ ಪಕ್ಕದಲ್ಲೇ ಸಣ್ಣ ವಿಮಾನಗಳಿಗೆಂದೇ ಒಂದು ಮೈದಾನ ಇದ್ದರೆ ಏನೆಲ್ಲ ಆಗಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಅಲ್ಲಿ ಕಲಿತವರು ಮುಂದೆ ದೊಡ್ಡ ವಿಮಾನಗಳ ಕ್ಯಾಪ್ಟನ್ ಆದರು. ಖಾಸಗಿ ಹೆಲಿಕಾಪ್ಟರ್‌ಗಳು, ಹಗುರ ವಿಮಾನಗಳು ಅಲ್ಲೇ ನೆಲೆ ಕಂಡುಕೊಂಡವು.

ಆಮೇಲೆ ಬೆಂಗಳೂರು ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಬೆಳೆಯಿತು. 2008ರಲ್ಲಿ ದೇವನಹಳ್ಳಿಯ ದೊಡ್ಡ ನಿಲ್ದಾಣ ತೆರೆದ ಮೇಲಂತೂ ಆ ರಸ್ತೆಯ ಎರಡೂ ಬದಿಗೆ ಚಿನ್ನದ ಬೆಲೆ ಬಂತು. ನಿಲ್ದಾಣಕ್ಕೆ ಬೇಗ ಹೋಗಲೆಂದು ಕಟ್ಟಿದ ಮೇಲ್ಸೇತುವೆ ರಸ್ತೆ ಜಕ್ಕೂರು ರನ್‌ವೇಯ ತುದಿಯಲ್ಲೇ ಎತ್ತರಕ್ಕೆ ಎದ್ದು ನಿಂತಿತು. ಬಳಸಬಹುದಾದ ರನ್‌ವೇ ಕಡಿಮೆಯಾಯಿತು. ಒಂದು ಕಡೆ ಯಲಹಂಕದ ವಾಯುಪಡೆ ನೆಲೆ, ಇನ್ನೊಂದು ಕಡೆ ದೇವನಹಳ್ಳಿಗೆ ಬರುವ ಹೋಗುವ ವಿಮಾನಗಳು. ನಡುವೆ ಸಿಕ್ಕ ಇಷ್ಟೇ ಇಷ್ಟು ಆಕಾಶದಲ್ಲಿ ಮಕ್ಕಳು ಹಾರಬೇಕು. ಮಧ್ಯೆ ಕೆಲವು ವರ್ಷ ತರಬೇತಿಯೇ ನಿಂತಿತ್ತು. ಆ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬಾರದೇಕೆ ಅನ್ನುವ ಮಾತು ಆಗಾಗ ಏಳುತ್ತಲೇ ಇರುತ್ತದೆ.

ಗಮನಿಸಿ, ಜಕ್ಕೂರನ್ನು ಮುಚ್ಚಬೇಕು ಅಂತ ಯಾರೂ ಆದೇಶ ಮಾಡಿರಲಿಲ್ಲ. ರಸ್ತೆ ಇಲಾಖೆಯವರು ರಸ್ತೆ ಮಾಡಿದರು. ಲೇಔಟಿನವರು ಲೇಔಟ್ ಮಾಡಿದರು. ಅನುಮತಿ ಕೊಡುವವರು ಅನುಮತಿ ಕೊಟ್ಟರು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರು. ರನ್‌ವೇ ಕಡೆ ನೋಡುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಅದು ಯಾರ ಕೆಲಸ ಅಂತ ಈಗಲೇ ಹೇಳಿಬಿಡಿ.

ಇನ್ನು ನಮ್ಮ ರನ್‌ವೇ ವಿಷಯ. 1974ರಿಂದ ಇರುವ ನಿಲ್ದಾಣ ಇದು. ಮೊದಲು 1,700 ಮೀಟರಿಗೂ ಕಡಿಮೆ ಇದ್ದ ರನ್‌ವೇ ಈಗ 2,600 ಮೀಟರ್ ಆಗಿದೆ. ಅದಕ್ಕಾಗಿ ಗೋಕುಲ ಕಡೆಯ ರೈತರ ಎರೆ ಹೊಲಗಳು ಹೋಗಿವೆ. ತರಬೇತಿ ವಿಮಾನಕ್ಕೆ ಇದರ ಅರ್ಧವೂ ಬೇಡ. ದೊಡ್ಡ ವಿಮಾನಗಳು ಬರುವುದು ದಿನಕ್ಕೆ ಬೆರಳೆಣಿಕೆಯಷ್ಟು. ಉಳಿದ ಹೊತ್ತು ಇಷ್ಟು ಉದ್ದದ ಡಾಂಬರು ಸುಮ್ಮನೆ ಬಿಸಿಲು ಕಾಯುತ್ತದೆ. ಹಾಗಾಗಿ ತರಬೇತಿಗೆ ಹೊಸ ಜಮೀನು ಕೇಳುವ ಅಗತ್ಯವೇ ಇಲ್ಲ. ರೈತರಿಂದ ಇನ್ನೊಂದು ಗುಂಟೆ ತೆಗೆದುಕೊಳ್ಳಬೇಡಿ. ಇದ್ದುದನ್ನು ಪೂರ್ತಿ ಬಳಸಿ.

ರನ್‌ವೇಗೆ 08 ಮತ್ತು 26 ಅಂತ ಸಂಖ್ಯೆ. ದಿಕ್ಸೂಚಿಯ 80 ಡಿಗ್ರಿ, 260 ಡಿಗ್ರಿ. ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಪೂರ್ವಕ್ಕೆ ಅಕ್ಷಯ ಪಾರ್ಕ್, ವಿದ್ಯಾನಗರ, ಇಡೀ ಹುಬ್ಬಳ್ಳಿ. ಪಶ್ಚಿಮಕ್ಕೆ ಇನ್ನೂ ಸಾಕಷ್ಟು ಬಯಲು. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಮಳೆಗಾಲದಲ್ಲಿ ಪಡುವಣ ಗಾಳಿ. ಆಗ ಊರಿನ ಮೇಲಿಂದ ಬಂದು ಇಳಿದು, ಬಯಲಿನ ಕಡೆಗೆ ಏರುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ. ಆಗ ಉಲ್ಟಾ. ವಿಮಾನ ಏರುವುದು ಊರಿನ ಕಡೆಗೆ. ಹಾರಾಟ ಕಲಿಯಲು ಅತ್ಯಂತ ಒಳ್ಳೆಯ ಕಾಲವೂ ಇದೇ ಚಳಿಗಾಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದೇ ಎಂಜಿನ್ ಇರುವ ವಿಮಾನದಲ್ಲಿ ಎಂಜಿನ್ ಕೈಕೊಟ್ಟರೆ ಪೈಲಟ್‌ಗೆ ಉಳಿಯುವುದು ತೇಲಿಕೊಂಡು ಇಳಿಯುವ ದಾರಿ ಒಂದೇ. ಸೆಸ್ನಾ 172ರಂಥ ಪುಟ್ಟ ತರಬೇತಿ ವಿಮಾನ 1,000 ಅಡಿ ಎತ್ತರದಿಂದ ತೇಲಿದರೆ ಎರಡೂವರೆ ಕಿ.ಮೀ. ಆಸುಪಾಸು ಹೋಗುತ್ತದೆ. ತರಬೇತಿಯಲ್ಲಿ ನಿಲ್ದಾಣದ ಸುತ್ತ ಹಾಕುವ ಸುತ್ತು ಸಾಮಾನ್ಯವಾಗಿ ಆ ಎತ್ತರದಲ್ಲೇ ಇರುತ್ತದೆ. ಆಗಷ್ಟೇ ನೆಲ ಬಿಟ್ಟಾಗಲಂತೂ ಎತ್ತರವೂ ಕಡಿಮೆ, ದೂರವೂ ಕಡಿಮೆ. ಹಿಂದಕ್ಕೆ ತಿರುಗಲು ಹೋದರೆ ಅಪಾಯ ಜಾಸ್ತಿ. ಕಣ್ಣೆದುರು ಏನಿದೆಯೋ ಅಲ್ಲೇ ಇಳಿಯಬೇಕು. ಎದುರಿಗೆ ಹೊಲ ಇದ್ದರೆ ಬದುಕುತ್ತಾರೆ. ಮನೆ ಇದ್ದರೆ?

2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾ ಹತ್ತಿರ ಒಂದು ತರಬೇತಿ ವಿಮಾನ ತುರ್ತಾಗಿ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯದೊಂದಿಗೆ ಉಳಿದರು. ಹೊಲ ಇತ್ತು, ಉಳಿದರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಆಗಷ್ಟೇ ಏರಿದ ವಿಮಾನ ಬಿದ್ದದ್ದು ನಮಗೆಲ್ಲ ನೆನಪಿದೆ. ಅದು ಬಹಳ ದೊಡ್ಡ ವಿಮಾನ, ಲೆಕ್ಕವೇ ಬೇರೆ. ಆದರೆ ರನ್‌ವೇಯ ಆಚೆ ವಿದ್ಯಾರ್ಥಿಗಳ ಹಾಸ್ಟೆಲ್ ಇತ್ತು, ಊಟದ ಹೊತ್ತಾಗಿತ್ತು, ಕೆಳಗಿದ್ದವರೂ ಸತ್ತರು. ಅದನ್ನು ಓದಿದ ಮೇಲೆ ರನ್‌ವೇ ತುದಿಗಳ ಬಗ್ಗೆ ಯೋಚನೆ ಮಾಡದೆ ಇರಲು ನನಗಂತೂ ಆಗಿಲ್ಲ.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಬಣ್ಣದ ಝೋನಿಂಗ್ ನಕ್ಷೆ ಇದೆ. ಯಾವ ಜಾಗದಲ್ಲಿ ಎಷ್ಟು ಎತ್ತರದ ಕಟ್ಟಡಕ್ಕೆ ಪಾಲಿಕೆಯೇ ಅನುಮತಿ ಕೊಡಬಹುದು, ಎಲ್ಲಿ ಪ್ರಾಧಿಕಾರದ ಎನ್‌ಒಸಿ ಬೇಕು ಅನ್ನುವುದನ್ನು ಅದು ಹೇಳುತ್ತದೆ. ಆದರೆ ಅದು ನೋಡುವುದು ಎತ್ತರವನ್ನು. ಎತ್ತರದ ಮಿತಿಯೊಳಗೆ ಸಾವಿರ ಮನೆ ಕಟ್ಟಿದರೂ, ಶಾಲೆ ಕಟ್ಟಿದರೂ ನಕ್ಷೆಗೆ ತಕರಾರಿಲ್ಲ. ಬ್ರಿಟನ್ನಿನಲ್ಲಿ ರನ್‌ವೇ ತುದಿಗಳ ಆಚೆ ಪಬ್ಲಿಕ್ ಸೇಫ್ಟಿ ಝೋನ್ ಅಂತ ಗುರುತು ಮಾಡುತ್ತಾರೆ. ಅಲ್ಲಿ ಹೆಚ್ಚು ಜನ ಸೇರುವಂಥ ಹೊಸ ಕಟ್ಟಡಗಳಿಗೆ ಅವಕಾಶ ಕೊಡುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಮಾಸ್ಟರ್ ಪ್ಲ್ಯಾನ್‌ನಲ್ಲಿ ಇಂಥದ್ದೊಂದು ಪಟ್ಟಿ ಗುರುತಾಗಬೇಕು. ಪೂರ್ವದಲ್ಲಿ ಈಗಾಗಲೇ ಊರು ಬಂದುಬಿಟ್ಟಿದೆ. ಪಶ್ಚಿಮದಲ್ಲಿ ಇನ್ನೂ ಅವಕಾಶ ಇದೆ. ಗಾಮನಗಟ್ಟಿ, ತಾರಿಹಾಳದ ಕಡೆ ಕೈಗಾರಿಕೆ, ಲೇಔಟು ಎರಡೂ ಬೆಳೆಯುತ್ತಿವೆ. ಅವಕಾಶ ಬಹಳ ವರ್ಷ ಉಳಿಯುವುದಿಲ್ಲ.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇದೆ, ಅದನ್ನು ಮುಚ್ಚಿಡಬಾರದು. ನಿನ್ನ ಹೊಲದಲ್ಲಿ ಮನೆ ಕಟ್ಟಬೇಡ ಅಂತ ರೈತನಿಗೆ ಹೇಳಿದರೆ ಅವನ ಜಮೀನಿನ ಬೆಲೆ ಬೀಳುತ್ತದೆ. ಪಕ್ಕದವನು ಪ್ಲಾಟು ಹಾಕಿ ಕೋಟಿ ಎಣಿಸುವಾಗ ಇವನು ಮಾತ್ರ ಊರಿಗಾಗಿ ಜೋಳ ಬಿತ್ತಿಕೊಂಡು ಕೂರಬೇಕೇ? ಹಾಗೆ ಕೇಳುವ ಹಕ್ಕು ನಮಗಿಲ್ಲ. ಟಿಡಿಆರ್, ಅಂದರೆ ಇಲ್ಲಿ ಕಟ್ಟದಿದ್ದುದಕ್ಕೆ ಬದಲಾಗಿ ಬೇರೆ ಕಡೆ ಕಟ್ಟುವ, ಇಲ್ಲವೇ ಮಾರಿಕೊಳ್ಳುವ ಹಕ್ಕು ಕೊಡಿ, ಇಲ್ಲವೇ ವರ್ಷಕ್ಕಿಷ್ಟು ಪರಿಹಾರ ಕೊಡಿ. ಬೇಸಾಯ, ನರ್ಸರಿಯಂಥ ತೆರೆದ ಬಳಕೆಗೆ ಅಡ್ಡಿ ಬೇಡ, ಸೋಲಾರ್ ಮಾತ್ರ ಬೇಡ. ರೈತರನ್ನು ಕೂರಿಸಿಕೊಂಡು ಮಾತಾಡಿ ಮಾಡಿ. ನೋಟಿಸ್ ಅಂಟಿಸಿ ಮುಗಿಸಬೇಡಿ.

ಹದ್ದುಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನಿಲ್ದಾಣದಿಂದ 10 ಕಿ.ಮೀ. ಒಳಗೆ ಪಕ್ಷಿಗಳನ್ನು ಸೆಳೆಯುವ ಹಾಗೆ ಕಸ ಸುರಿಯಬಾರದು, ಪ್ರಾಣಿ ಕಡಿಯಬಾರದು ಅಂತ ವಿಮಾನ ನಿಯಮವೇ ಇದೆ. ಹುಬ್ಬಳ್ಳಿಯ ಬಹುಪಾಲು ಆ ವೃತ್ತದೊಳಗೆ ಬರುತ್ತದೆ. ರಸ್ತೆ ಬದಿಗೆ ಕೋಳಿ ಅಂಗಡಿಯ ತ್ಯಾಜ್ಯ ಚೀಲದಲ್ಲಿ ಕಟ್ಟಿ ಎಸೆಯುವುದು ನಿಂತಿಲ್ಲ. ದೊಡ್ಡ ವಿಮಾನ ಹದ್ದಿನ ಹೊಡೆತ ತಡೆದುಕೊಂಡೀತು. ಸಣ್ಣ ವಿಮಾನದ ಗಾಜು ತಡೆಯುವುದಿಲ್ಲ. ಇದು ಪಾಲಿಕೆಯ ಕೆಲಸ, ನಮ್ಮ ಕೆಲಸ ಕೂಡ.

ಈಗ ಹೊಗೆಯ ಮಾತು. ನನ್ನನ್ನು ಜಾಸ್ತಿ ಕಾಡುವುದು ಇದೇ.

ಪೆಟ್ರೋಲಿನಲ್ಲಿ ಸೀಸ ಬೆರೆಸುವುದನ್ನು ನಮ್ಮ ದೇಶ 2000ನೇ ಇಸವಿಯಲ್ಲಿ ಪೂರ್ತಿ ನಿಲ್ಲಿಸಿತು. ಮಕ್ಕಳ ಮಿದುಳಿಗೆ ಸೀಸ ವಿಷ, ಸ್ವಲ್ಪವೇ ಹೋದರೂ ಕೆಟ್ಟದ್ದು ಅನ್ನುವುದು ಗೊತ್ತಾದ ಮೇಲೆ ಮಾಡಿದ ಒಳ್ಳೆಯ ಕೆಲಸ. ಆದರೆ ಹೆಚ್ಚಿನ ತರಬೇತಿ ವಿಮಾನಗಳ ಎಂಜಿನ್ನಿಗೆ ಹಾಕುವ ಅವ್‌ಗ್ಯಾಸ್ 100 ಎಲ್‌ಎಲ್ ಅನ್ನುವ ಇಂಧನದಲ್ಲಿ ಇವತ್ತಿಗೂ ಸೀಸ ಇದೆ. ಹೆಸರಿನ ಕೊನೆಯ ಎರಡು ಅಕ್ಷರ ಕಡಿಮೆ ಸೀಸ ಅಂತ ಹೇಳುತ್ತವೆ. ಆ ಕಡಿಮೆ ಅಂದರೆ ಲೀಟರಿಗೆ 0.56 ಗ್ರಾಂವರೆಗೆ. ಸೆಸ್ನಾ 172 ಗಂಟೆಗೆ ಮೂವತ್ತು ಲೀಟರಿಗಿಂತ ಸ್ವಲ್ಪ ಜಾಸ್ತಿ ಕುಡಿಯುತ್ತದೆ. 200 ಗಂಟೆಗೆ ಗುಣಿಸಿ. ಗರಿಷ್ಠ ಮಿತಿಯ ಲೆಕ್ಕದಲ್ಲಿ ಒಬ್ಬ ವಿದ್ಯಾರ್ಥಿ ಲೈಸೆನ್ಸ್ ಪಡೆಯುವ ಹೊತ್ತಿಗೆ ಮೂರು ಕೆ.ಜಿ.ಗೂ ಮಿಕ್ಕಿ ಸೀಸ ಉರಿದಿರುತ್ತದೆ. ಅದರ ಬಹುಪಾಲು ಹೊಗೆಯಲ್ಲಿ ಹೊರಗೆ ಬರುತ್ತದೆ. ಒಂದು ಶಾಲೆಯಲ್ಲಿ ನೂರು ಮಕ್ಕಳು ಕಲಿತರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೋಸೆ ನಗರದ ಪೂರ್ವ ಭಾಗದಲ್ಲಿ ರೀಡ್-ಹಿಲ್‌ವ್ಯೂ ಅನ್ನುವ ನಿಲ್ದಾಣ ಇದೆ. ಅಲ್ಲಿ ಸಣ್ಣ ವಿಮಾನಗಳೇ ಹಾರುವುದು. ಶುರುವಾದಾಗ ಸುತ್ತ ಹಣ್ಣಿನ ತೋಟಗಳು. ಈಗ ಬೇಲಿಯವರೆಗೂ ಮನೆಗಳು, ಶಾಲೆಗಳು. 2021ರಲ್ಲಿ ಸುತ್ತಲಿನ ಮಕ್ಕಳ ರಕ್ತದ ಪರೀಕ್ಷೆಯ ದಾಖಲೆಗಳನ್ನು ಅಧ್ಯಯನ ಮಾಡಿದರು. ನಿಲ್ದಾಣಕ್ಕೆ ಅರ್ಧ ಮೈಲಿ ಒಳಗೆ ಇರುವ ಮಕ್ಕಳ ರಕ್ತದಲ್ಲಿ ದೂರದ ಮಕ್ಕಳಿಗಿಂತ ಸೀಸ ಜಾಸ್ತಿ ಇತ್ತು. ಗಾಳಿ ಬೀಸುವ ದಿಕ್ಕಿನಲ್ಲಿದ್ದವರಲ್ಲಿ ಇನ್ನೂ ಜಾಸ್ತಿ. 2022ರ ಜನವರಿಯಿಂದ ಅಲ್ಲಿಯ ಕೌಂಟಿ ಆಡಳಿತ ಸೀಸದ ಇಂಧನ ಮಾರುವುದನ್ನೇ ನಿಲ್ಲಿಸಿತು. ಅದೇ ರಾಜ್ಯದ ಸಾಂಟಾ ಮೋನಿಕಾ ನಗರ ತನ್ನ ಸಣ್ಣ ನಿಲ್ದಾಣದ ಜೊತೆ ದಶಕಗಟ್ಟಲೆ ಜಗಳವಾಡಿ, 2017ರಲ್ಲಿ ರನ್‌ವೇಯನ್ನೇ ಗಿಡ್ಡ ಮಾಡಿಸಿತು. 2028 ಕಳೆದರೆ ಅದನ್ನು ಮುಚ್ಚಬಹುದು ಅನ್ನುವ ಒಪ್ಪಂದವೂ ಆಗಿದೆ. ಸದ್ದು, ಹೊಗೆ, ಅಪಾಯದ ಭಯ ಮೂರೂ ಸೇರಿ ಊರಿನವರೇ ನಿಲ್ದಾಣದ ವೈರಿಗಳಾದರು. ನಮ್ಮಲ್ಲಿ ಹಾಗೆ ಆಗಬಾರದು.

ದಾರಿ ಇದೆ, ಅದೂ ಸುಲಭದ್ದು. ಸೀಸ ಬೇಡದ ತರಬೇತಿ ವಿಮಾನಗಳು ಮಾರುಕಟ್ಟೆಯಲ್ಲಿವೆ. ಡೈಮಂಡ್ ಡಿಎ40ಯ ಒಂದು ಮಾದರಿ ದೊಡ್ಡ ವಿಮಾನಗಳಿಗೆ ಹಾಕುವ ಎಟಿಎಫ್‌ನಲ್ಲೇ ಓಡುತ್ತದೆ. ರೋಟ್ಯಾಕ್ಸ್ ಎಂಜಿನ್ನಿನ ಸಣ್ಣ ವಿಮಾನಗಳು ಸೀಸವಿಲ್ಲದ ಪೆಟ್ರೋಲಿನಲ್ಲಿ ಹಾರುತ್ತವೆ. ಬ್ಯಾಟರಿಯ ತರಬೇತಿ ವಿಮಾನವೊಂದಕ್ಕೆ ಯುರೋಪಿನಲ್ಲಿ 2020ರಲ್ಲೇ ಪ್ರಮಾಣಪತ್ರ ಸಿಕ್ಕಿದೆ. ತರಬೇತಿ ಶಾಲೆಗೆ ಜಾಗ ಕೊಡುವ ಕರಾರಿನಲ್ಲೇ ಒಂದು ಸಾಲು ಬರೆಯಿರಿ: ಹುಬ್ಬಳ್ಳಿಯಲ್ಲಿ ಸೀಸದ ಇಂಧನ ಬಳಸುವಂತಿಲ್ಲ. ಶಾಲೆ ಬಂದು ಹತ್ತು ವಿಮಾನ ಕೊಂಡ ಮೇಲೆ ಈ ಸಾಲು ಸೇರಿಸಲು ಹೋದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ. ಈಗಾದರೆ ಒಂದು ಹನಿ ಶಾಯಿ ಸಾಕು.

ಸದ್ದಿಗೂ ಹೀಗೇ ಮೊದಲೇ ಮಾತಾಗಲಿ. ಇಳಿದು ನಿಲ್ಲದೆ ಮತ್ತೆ ಏರುವ ಅಭ್ಯಾಸದಲ್ಲಿ ಒಂದೇ ವಿಮಾನ ಐದಾರು ನಿಮಿಷಕ್ಕೊಮ್ಮೆ ತಲೆಯ ಮೇಲೆ ಬರುತ್ತದೆ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆಯ ದಿನಗಳಲ್ಲಿ ಆ ಅಭ್ಯಾಸವನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ರಾತ್ರಿ ಹಾರಾಟ ಲೈಸೆನ್ಸಿಗೆ 5 ಗಂಟೆ ಬೇಕೇ ಬೇಕು, ಅದಕ್ಕೆ ವಾರದಲ್ಲಿ ಇಂಥ ದಿನ ಅಂತ ಗೊತ್ತು ಮಾಡಿ, ಜನರಿಗೆ ತಿಳಿಸಿ. ಸುತ್ತು ಹಾಕುವುದು ಹೊಲಗಳ ಕಡೆಯಿಂದ ಇರಲಿ. ಗಾಳಿ ಮಂದವಾಗಿರುವ ಬೆಳಗ್ಗೆ, ಟವರಿನವರಿಗೂ ಪೈಲಟ್‌ಗೂ ಸರಿ ಅನ್ನಿಸಿದರೆ, ಪಶ್ಚಿಮದ ಕಡೆಗೇ ಏರಲಿ.

ಕೊನೆಗೆ ಮಕ್ಕಳ ವಿಷಯ. ಹುಬ್ಬಳ್ಳಿಯಲ್ಲಿ ಶಾಲೆ ಬಂದರೂ ಅದರಲ್ಲಿ ಗದಗಿನ, ಹಾವೇರಿಯ, ನವಲಗುಂದದ ಮಕ್ಕಳು ಕಾಣದಿದ್ದರೆ ನಮಗೆ ಉಳಿಯುವುದು ಸದ್ದು ಮಾತ್ರ. 200 ಗಂಟೆಯ ತರಬೇತಿಗೆ ಈಗ ಅರ್ಧ ಕೋಟಿಯ ಆಸುಪಾಸು ಖರ್ಚು. ಶಿಕ್ಷಣ ಸಾಲದ ಸಾಮಾನ್ಯ ಯೋಜನೆಯಲ್ಲಿ ಏಳೂವರೆ ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ. ರೋಣದ ಕಡೆಯ ರೈತ ಏನನ್ನು ಅಡ ಇಡಬೇಕು? ಇರುವ ಎರೆ ಹೊಲವನ್ನೇ. ಮಗಳು ಪಾಸಾಗಿ ಕೆಲಸ ಸಿಗುವವರೆಗೆ ಆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ನನ್ನ ಹತ್ತಿರ ಬಂದು ಕೇಳಿದ ಜಾಣ ಮಕ್ಕಳಲ್ಲಿ ಹೆಚ್ಚಿನವರು ಈ ಒಂದು ಲೆಕ್ಕಕ್ಕೇ ಹಿಂದೆ ಸರಿದರು. ಗಣಿತ, ಭೌತಶಾಸ್ತ್ರದಲ್ಲಿ ಅವರಿಗೆ ಏನೂ ಕಡಿಮೆ ಇರಲಿಲ್ಲ. ನಮ್ಮ ದೇಶದ ಪೈಲಟ್‌ಗಳಲ್ಲಿ ಶೇ. 15ರ ಆಸುಪಾಸು ಹೆಣ್ಣುಮಕ್ಕಳು, ಜಗತ್ತಿನ ಸರಾಸರಿಗಿಂತ ಎಷ್ಟೋ ಹೆಚ್ಚು ಅಂತ ಹೆಮ್ಮೆ ಪಡುತ್ತೇವೆ. ಹೆಮ್ಮೆಯ ವಿಷಯವೇ. ಅವರಲ್ಲಿ ಸರ್ಕಾರಿ ಕಾಲೇಜಿನಿಂದ, ಕನ್ನಡ ಮಾಧ್ಯಮದಿಂದ ಹೋದವರೂ ಇರಬೇಕಲ್ವಾ?

ತರಬೇತಿ ಶಾಲೆಗಳಿಗೆ ಹೊಸ ನೀತಿಯಲ್ಲಿ ಪ್ರಾಧಿಕಾರ ರಾಯಲ್ಟಿ ಪೂರ್ತಿ ತೆಗೆದುಹಾಕಿದೆ, ಜಾಗದ ಬಾಡಿಗೆಯನ್ನೂ ಇಳಿಸಿದೆ. ಒಳ್ಳೆಯದೇ. ಆದರೆ ಅದು ಜನರ ಜಾಗ, ರೈತರು ಬಿಟ್ಟುಕೊಟ್ಟ ಜಾಗ. ಕಡಿಮೆ ಬಾಡಿಗೆಗೆ ಕೊಟ್ಟಾಗ ಬದಲಿಗೆ ಏನಾದರೂ ಕೇಳುವ ಹಕ್ಕು ಜನರಿಗಿದೆ. ಪ್ರತಿ ತಂಡದಲ್ಲಿ ಕೆಲವು ಸೀಟು ಈ ಭಾಗದ ಬಡ ಮಕ್ಕಳಿಗೆ ಮೀಸಲಿಡಿ. ಅವರ ಶುಲ್ಕವನ್ನು ರಾಜ್ಯ ಸರ್ಕಾರ ಭರಿಸಲಿ, ಇಲ್ಲವೇ ಅಡಮಾನವಿಲ್ಲದ ಸಾಲಕ್ಕೆ ತಾನೇ ಜಾಮೀನು ನಿಲ್ಲಲಿ. ನಿಲ್ದಾಣಕ್ಕೆ ಜಮೀನು ಕೊಟ್ಟ ಮನೆಗಳ ಮಕ್ಕಳಿಗೆ ಮೊದಲ ಅವಕಾಶ ಇರಲಿ. ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡಿನ ಕೆಲಸವೂ ಇದೆ. ಪ್ರತಿ 50, 100 ಗಂಟೆಗೊಮ್ಮೆ ತರಬೇತಿ ವಿಮಾನದ ತಪಾಸಣೆ ಆಗಲೇಬೇಕು. ರೈಲ್ವೆ ವರ್ಕ್‌ಶಾಪ್ ಇರುವ ಊರು ನಮ್ಮದು. ಲೋಹದ ಕೆಲಸ, ಎಂಜಿನ್ ಕೆಲಸ ಗೊತ್ತಿರುವ ಕೈಗಳು ಇಲ್ಲಿವೆ. ಐಟಿಐ ಹುಡುಗರಿಗೆ ದಾರಿ ತೋರಿಸಿ.

ಏರ್ ಆಂಬುಲೆನ್ಸ್ ಬಗ್ಗೆ ಹೆಚ್ಚು ವಾದ ಬೇಡ. ದಾನಿಯ ಎದೆಯಿಂದ ತೆಗೆದ ಹೃದಯವನ್ನು ಸುಮಾರು 4 ಗಂಟೆಯೊಳಗೆ ಇನ್ನೊಬ್ಬರಿಗೆ ಕೂರಿಸಬೇಕು. ಬೆಂಗಳೂರು ರಸ್ತೆಯಲ್ಲಿ 400 ಕಿ.ಮೀ.ಗೂ ಜಾಸ್ತಿ ದೂರ. ವಂದೇ ಭಾರತ್ ರೈಲಿಗೂ ಐದು ಗಂಟೆ ಮೇಲೆ ಬೇಕು. ಜೀರೋ ಟ್ರಾಫಿಕ್ ಮಾಡಿದರೂ ಆಗದ ಕೆಲಸ ಇದು. ಟರ್ಮಿನಲ್ ದೊಡ್ಡದು ಮಾಡುವಾಗ ಸಣ್ಣ ವಿಮಾನಗಳಿಗೆ ಒಂದು ನಿಲುಗಡೆ, ಆಂಬುಲೆನ್ಸ್ ನೇರವಾಗಿ ಒಳಗೆ ಬರಲು ಒಂದು ಪ್ರತ್ಯೇಕ ಗೇಟು ಇಡಿ. ಅದರ ಖರ್ಚು ಇಡೀ ಯೋಜನೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಮಾನ್ಯರೇ, 2024ರ ಮಾರ್ಚ್‌ನಲ್ಲಿ ಹೊಸ ಟರ್ಮಿನಲ್ ಕೆಲಸಕ್ಕೆ ಶಂಕುಸ್ಥಾಪನೆ ಆಯಿತು. ವಿಮಾನಗಳ ಸಂಖ್ಯೆ ಹೆಚ್ಚುತ್ತದೆ, ಹೆಚ್ಚಬೇಕು. ಆಗ ಮೊದಲು ಪಕ್ಕಕ್ಕೆ ಸರಿಸುವುದು ಸಣ್ಣ ವಿಮಾನಗಳನ್ನೇ. ಅದಕ್ಕೇ ದಿನದ ಇಂತಿಷ್ಟು ಹೊತ್ತು ತರಬೇತಿಗೆ ಅಂತ ಈಗಲೇ ಬರಹದಲ್ಲಿ ಗೊತ್ತುಮಾಡಿ. ಪ್ರಾಧಿಕಾರ, ಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರ, ಗೋಕುಲ ಮತ್ತು ಸುತ್ತಲಿನ ಹಳ್ಳಿಗಳ ರೈತರು, ಪಿಯು ಕಾಲೇಜುಗಳ ಪ್ರಾಂಶುಪಾಲರು, ಎಲ್ಲರನ್ನೂ ಕರೆದು ಜಿಲ್ಲಾಧಿಕಾರಿಗಳು ಒಂದು ಬಹಿರಂಗ ಸಭೆ ಮಾಡಲಿ. 2022ರ ಪಟ್ಟಿಯಲ್ಲಿ ಬಂದ ಹುಬ್ಬಳ್ಳಿಯ ತರಬೇತಿ ಶಾಲೆಯ ಕರಾರನ್ನು ಆ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ. ರನ್‌ವೇ ತುದಿಗಳ ನಕ್ಷೆಯನ್ನು ಗೋಡೆಗೆ ಹಾಕಿ. ಮುಂದಿನ ಲೇಔಟಿನ ಕಡತಕ್ಕೆ ಸಹಿ ಬೀಳುವ ಮುಂಚೆ ಈ ಸಭೆ ಆಗಲಿ ಅನ್ನುವುದು ನನ್ನ ಕಳಕಳಿಯ ವಿನಂತಿ.

ಇಂತಿ ನಮಸ್ಕಾರಗಳೊಂದಿಗೆ,
ಗೋಕುಲ ರಸ್ತೆಯ ಒಬ್ಬ ನಿವೃತ್ತ ಉಪನ್ಯಾಸಕ
ಹುಬ್ಬಳ್ಳಿ